ಮೇಲ್ಕೋಣೆಯ ಪಾಲು

ಸರ್ಕಾರ ಬ್ರಾಂಬ್ಲೊ ಪಾನಕಕ್ಕೆ ಅದರ ಹೆಸರನ್ನು ಹಿಂದಿರುಗಿಸಿದ ಸುದ್ದಿ ಬಂದಾಗ ಮ್ಯಾಂಚೆಸ್ಟರಿನ ಬಳಿಯ ನಮ್ಮ ಹೋಲ್ಡನ್‌ಶಾ ಊರಿಗೆ ಊರೇ ಹಿಗ್ಗಿತು. ಅಮೋಸ್ ಎಂಟ್‌ವಿಸಲ್ ಒಬ್ಬನ ಎದೆ ಮಾತ್ರ ಧಸಕ್ಕೆಂದಿತು. ಹಿಗ್ಗಬೇಕಾದವರಲ್ಲಿ ಅವನೇ ಮೊದಲಿಗ. ಆ ಪಾನಕವನ್ನು ಕಲಸಿ ಕಲಸಿಯೇ ಅವನ ತಲೆ ನರೆತಿತ್ತು. ಆದರೆ ಹೆಸರು ಬಂದ ಮೇಲೆ ರುಚಿಯೂ ಬರಬೇಕು. ಆ ರುಚಿಯ ಅರ್ಧ ಪಾಲು ಈಗ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಹಾಗೆ ಮಾಡಿದವನು ತಾನೇ ಎಂಬುದು ಅಮೋಸನಿಗೆ ಚೆನ್ನಾಗಿ ಗೊತ್ತಿತ್ತು.

ಯುದ್ಧದ ನಡುವೆ ಸರ್ಕಾರ ದೇಶದ ಪಾನಕದ ಕಾರ್ಖಾನೆಗಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ, ಎಲ್ಲರ ಬಾಟಲಿಯಿಂದಲೂ ಹೆಸರು ಕಿತ್ತು, ಒಂದೇ ಬಗೆಯ ಬೋಳು ಚೀಟಿ ಅಂಟಿಸಿತ್ತು. ಸಕ್ಕರೆ ಉಳಿಯಬೇಕು, ಲಾರಿ ಉಳಿಯಬೇಕು, ಪೆಟ್ರೋಲ್ ಉಳಿಯಬೇಕು. ಉಳಿಸಿದರು, ಬಿಡಿ. ಐದು ವರ್ಷ ನಮ್ಮ ಜನ 'ಕಿತ್ತಳೆ ಪಾನಕ' ಎಂದು ಬರೆದಿದ್ದ, ಕಿತ್ತಳೆಯ ಮುಖವನ್ನೇ ನೋಡಿರದ ನೀರನ್ನು ಕುಡಿದು ಬದುಕಿದರು. ಅದೇ ನೀರು ಲಂಡನ್ನಿನಲ್ಲೂ, ಅದೇ ನೀರು ಗ್ಲಾಸ್ಗೋದಲ್ಲೂ. ಹಿಟ್ಲರನನ್ನು ಸೋಲಿಸಲು ಇಷ್ಟು ರುಚಿಗೇಡು ಬೇಕಿತ್ತೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅದಕ್ಕೆ ಮುಂಚಿನ ಬ್ರಾಂಬ್ಲೊದ ಮಾತೇ ಬೇರೆ. ಗಿರಣಿಯ ಜನ ಸಂಬಳದ ದಿನ ಹೆಂಡದಂಗಡಿಯಲ್ಲಿ ಮುಳುಗುವುದನ್ನು ನೋಡಲಾರದೆ ಊರಿನ ಪ್ರಾರ್ಥನಾ ಮಂದಿರವಾದ ಚಾಪೆಲ್ಲಿನ ಹಿರಿಯ ಜೇಬೆಜ್ ಆರ್ಮರಾಡ್ ಅದನ್ನು ಹುಟ್ಟಿಸಿದ್ದ. ಬ್ಲ್ಯಾಕ್‌ಬೆರಿ, ರಾಸ್‌ಬೆರಿ, ಕಪ್ಪು ದ್ರಾಕ್ಷಿಯ ರಸ. ಅದಕ್ಕೆ ಬೇರು, ಸೊಪ್ಪು, ಮಸಾಲೆಗಳ ಕಷಾಯ. ಚಳಿಗಾಲದಲ್ಲಿ ಬಿಸಿನೀರಿಗೆ ಹಾಕಿ ಕುಡಿದರೆ ಗಂಟಲಿನಿಂದ ಹೊಟ್ಟೆಯವರೆಗೂ ಬೆಚ್ಚಗೆ ಇಳಿಯುತ್ತಿತ್ತು. ಜನ ಪ್ರತಿಜ್ಞೆ ಮಾಡಿ ಹೆಂಡ ಬಿಟ್ಟಿದ್ದು ದೇವರ ಭಯಕ್ಕೋ ಬ್ರಾಂಬ್ಲೊದ ಆಸೆಗೋ ಎಂದು ಯಾರಾದರೂ ಕೇಳಿದರೆ ಚಾಪೆಲ್ಲಿನವರಿಗೆ ಸಿಟ್ಟು ಬರುತ್ತಿತ್ತು.

ಜೇಬೆಜ್‌ಗೆ ದೇವರ ಮೇಲೆ ಪೂರ್ತಿ ನಂಬಿಕೆ, ಮನುಷ್ಯರ ಮೇಲೆ ಅರ್ಧ. ಹಾಗಾಗಿ ಕಾರ್ಖಾನೆಯ ಕೆಲಸವನ್ನೂ ಅರ್ಧರ್ಧ ಮಾಡಿದ. ಕೆಳಕೋಣೆಯಲ್ಲಿ ಹಣ್ಣಿನ ರಸ ಕಲಸುವವನು ಅಮೋಸ್. ಮೇಲ್ಕೋಣೆಯಲ್ಲಿ ಕಷಾಯ ಇಳಿಸುವವನು ಅಮೋಸನ ಅಕ್ಕನ ಗಂಡ ಸೆತ್. ಕಷಾಯ ಒಂದು ತವರದ ಕೊಳವೆಯಲ್ಲಿ ಇಳಿದು ನೇರ ಅಮೋಸನ ಪೀಪಾಯಿಗೆ ಬೀಳುತ್ತಿತ್ತು. ಒಬ್ಬನ ಪಾಲು ಇನ್ನೊಬ್ಬನಿಗೆ ತಿಳಿಯಕೂಡದು, ಆರ್ಮರಾಡ್ ಮನೆಯ ಗಂಡುಮಗನೊಬ್ಬನ ಹೊರತು ಯಾರಿಗೂ ಹೇಳಕೂಡದು ಎಂದು ಇಬ್ಬರಿಂದಲೂ ಬೈಬಲ್ ಮುಟ್ಟಿಸಿ ಮಾತು ತೆಗೆದುಕೊಂಡಿದ್ದ. ಮಗಳು ಲಿಡಿಯಾ ಇದ್ದಳು, ಮಗ ಹೆರಾಲ್ಡ್‌ಗಿಂತ ಚುರುಕಾಗಿಯೇ ಇದ್ದಳು. ಆದರೆ ಹೆಣ್ಣಿನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಮುದುಕನ ತೀರ್ಮಾನ. ಅವನ ಗೋರಿಯ ಮುಂದೆ ನಿಂತು ಅವನಿಗೆ ನಾಲ್ಕು ಮಾತು ಬಯ್ಯಬೇಕೆಂದು ನನಗೆ ಈಗಲೂ ಅನ್ನಿಸುವುದುಂಟು.

ಮುದುಕ ಯುದ್ಧಕ್ಕೆ ಮೊದಲೇ ಸತ್ತ. ಎರಡೂ ಪಾಲು ತಿಳಿದಿದ್ದ ಹೆರಾಲ್ಡ್ ನೌಕಾಪಡೆ ಸೇರಿ, ಹಡಗು ಮುಳುಗಿ, ಕಾಣೆಯಾದವರ ಪಟ್ಟಿಗೆ ಸೇರಿದ. ಆಗ ಲಿಡಿಯಾ ದಕ್ಷಿಣದಲ್ಲೆಲ್ಲೋ ವಾಯುಪಡೆಯ ಕಚೇರಿಯಲ್ಲಿದ್ದಳು. ಅದೇ ವರ್ಷದ ಚಳಿಗಾಲಕ್ಕೆ ಸೆತ್ ಎದೆಯ ರೋಗದಿಂದ ಹಾಸಿಗೆ ಹಿಡಿದ. ಬದುಕುವುದಿಲ್ಲವೆಂದು ವೈದ್ಯನೂ ಹೇಳಿದ, ಸೆತ್‌ಗೂ ಗೊತ್ತಿತ್ತು. ಒಂದು ಭಾನುವಾರ ಚಾಪೆಲ್ ಮುಗಿಸಿ ನೋಡಲು ಬಂದ ಭಾಮೈದನನ್ನು ಅವನು ಹತ್ತಿರ ಕರೆದ.

"ಅಮೋಸ, ಬಾಗಿಲು ಹಾಕ್ಕೊಂಡು ಬಾ. ನನ್ನ ಪಾಲು ಹೇಳ್ಬಿಡ್ತೀನಿ, ಕೇಳಿಸ್ಕೋ."

"ಬೇಡ ಭಾವ."

"ಹೆರಾಲ್ಡ್ ಸತ್ತಿದಾನೆ ಕಣೋ. ನಾನೂ ಹೋದ್ರೆ ಇನ್ನು ಯಾರ ಹತ್ರ ಇರತ್ತೆ?"

"ಕಾಣೆಯಾಗಿದಾನೆ ಅಂತ ಬರೆದಿದಾರೆ. ಸತ್ತಿದಾನೆ ಅಂತ ಬರೆದಿಲ್ಲ. ಬಂದೇ ಬರ್ತಾನೆ. ಎರಡೂ ಪಾಲು ಅವನಿಗೆ ಗೊತ್ತೇ ಇದೆಯಲ್ಲ."

"ಬರ್ದೇ ಹೋದ್ರೆ? ಆಗ ಕೇಳೋಕೆ ನಾನಿರ್ತೀನಾ? ನನ್ನ ಎದೆ ಸದ್ದು ಕೇಳಿಸ್ತಿಲ್ವಾ ನಿಂಗೆ?"

"ಬೈಬಲ್ ಮುಟ್ಟಿ ಮಾತು ಕೊಟ್ಟಿದೀವಿ ಭಾವ. ನೀನೂ ಕೊಟ್ಟಿದೀಯ."

"ಯುದ್ಧ ಬರತ್ತೆ ಅಂತ ಆ ಮುದುಕನಿಗೆ ಕನಸು ಬಿದ್ದಿತ್ತಾ?"

"ಮುದುಕನಿಗೆ ಗೊತ್ತಿರ್ಲಿಲ್ಲ. ದೇವರಿಗೆ ಗೊತ್ತಿತ್ತು."

ಸೆತ್ ಕೆಮ್ಮಿದ. ಕೆಮ್ಮು ನಿಂತ ಮೇಲೆ ಹಟ ಹಿಡಿದವನಂತೆ, "ಮೊದಲು ಶುಂಠಿ. ಒಣಶುಂಠಿ ಅಲ್ಲ..." ಎಂದು ಶುರುಮಾಡಿಯೇಬಿಟ್ಟ. ಅಮೋಸ್ ಎರಡೂ ಕಿವಿ ಮುಚ್ಚಿಕೊಂಡು ಎದ್ದು, ಮೆಟ್ಟಿಲಿಳಿದು ಬಂದ. ಕೆಳಗೆ ಅಕ್ಕ ಹೆಪ್ಸಿ ಬಟ್ಟೆ ಒಣಹಾಕುತ್ತಿದ್ದಳು. "ಅಕ್ಕ, ಭಾವನ ಬುದ್ಧಿ ಸ್ಥಿಮಿತದಲ್ಲಿಲ್ಲ. ಅವನೇನಾದ್ರೂ ಪಾನಕದ ವಿಷಯ ಎತ್ತಿದ್ರೆ ಕೇಳಿಸ್ಕೋಬೇಡ. ಮಾತಿಗೆ ತಪ್ಪಿದ ಬಾಯಲ್ಲಿ ಅವನನ್ನ ದೇವರ ಹತ್ರ ಕಳಿಸ್ಬೇಡ," ಎಂದು ಹೇಳಿ ಮನೆಗೆ ಹೋದ. ಹೋಗುವಾಗ ಅವನಿಗೆ ಒಂದು ದೊಡ್ಡ ಪರೀಕ್ಷೆಯಲ್ಲಿ ಗೆದ್ದ ಸಮಾಧಾನವಿತ್ತು. ಸಂಜೆಯ ಹೊತ್ತಿಗೆ ಸೆತ್ ತೀರಿಕೊಂಡನೆಂದು ಸುದ್ದಿ ಬಂತು.

ಹೆರಾಲ್ಡ್ ಬರಲಿಲ್ಲ.

ಈಗ ಲಿಡಿಯಾ ಕಾರ್ಖಾನೆಯ ಒಡತಿ. ನೀಲಿ ಕೋಟು ತೊಟ್ಟು, ಮುಂಜಾನೆ ಎಲ್ಲರಿಗಿಂತ ಮೊದಲು ಬಂದು, ಬಾಟಲಿ ತುಂಬುವ ಹುಡುಗಿಯರ ಜೊತೆ ನಿಂತು ಕೆಲಸ ಮಾಡುತ್ತಿದ್ದಳು. ಹೆಸರು ವಾಪಸಾದ ವಾರವೇ ಅಮೋಸನನ್ನು ಕರೆಸಿದಳು.

"ಮಿಸ್ಟರ್ ಎಂಟ್‌ವಿಸಲ್, ಮೇ ತಿಂಗಳ ವಿಟ್ ಶುಕ್ರವಾರದ ಚಾಪೆಲ್ ಮೆರವಣಿಗೆಗೆ ಬ್ರಾಂಬ್ಲೊ ಬರ್ಬೇಕು. ಆವತ್ತು ಬರ್ಲಿಲ್ಲ ಅಂದ್ರೆ ಇನ್ಯಾವತ್ತೂ ಬರಲ್ಲ ಅಂತ ಜನ ಅಂದ್ಕೋತಾರೆ. ಕಟ್ಟಡ ಕೊಳ್ಳೋಕೆ ದಕ್ಷಿಣದ ಕಂಪನಿಯವರು ಬಾಯಿ ತೆರ್ಕೊಂಡು ಕೂತಿದಾರೆ, ಗೊತ್ತಲ್ಲ?"

"ಗೊತ್ತು ಮಿಸ್."

"ನಿಮ್ಮ ಪಾಲು ನಿಮಗೆ ಗೊತ್ತಿದೆ. ಸೆತ್ ತಮ್ಮ ಪಾಲು ಯಾರಿಗಾದ್ರೂ ಹೇಳಿರ್ಬೇಕಲ್ಲ? ಅಷ್ಟು ತಿಳಿದವರು ಹಾಗೇ ಹೋಗ್ತಾರಾ?"

ಅಮೋಸ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. "ಹುಡುಕ್ತೀನಿ ಮಿಸ್," ಎಂದ. ಅವಳ ಕಣ್ಣಲ್ಲಿ ಕಣ್ಣಿಟ್ಟು ಬೇರೇನನ್ನೂ ಹೇಳುವ ಶಕ್ತಿ ಅವನಿಗಿರಲಿಲ್ಲ.

ಹುಡುಕಿದ. ಮೇಲ್ಕೋಣೆಯ ಬೀಗ ತೆಗೆಸಿ, ಹಲಗೆಗಳ ಮೇಲೆ ಮಂಡಿಯೂರಿ ನಾಯಿಯಂತೆ ಮೂಸಿದ. ಐದು ವರ್ಷದ ಧೂಳು, ಇಲಿಯ ಹಿಕ್ಕೆ, ಅಷ್ಟೇ. ಕೊಳವೆಯನ್ನು ಕಳಚಿ ಒಳಗಿನ ಕಪ್ಪು ಹೆಪ್ಪನ್ನು ಚಾಕುವಿನಿಂದ ಕೆರೆದು ನಾಲಿಗೆಗಿಟ್ಟುಕೊಂಡ. ತವರದ ರುಚಿ ಬಂತು. ಸೆತ್ ಬೇರು ತರಿಸುತ್ತಿದ್ದ ಮ್ಯಾಂಚೆಸ್ಟರಿನ ಅಂಗಡಿ ಇದ್ದ ಜಾಗದಲ್ಲಿ ಬಾಂಬು ಬಿದ್ದು ಗುಂಡಿಯಾಗಿ, ಗುಂಡಿಯಲ್ಲಿ ಹುಲ್ಲು ಬೆಳೆದಿತ್ತು. ಒಮ್ಮೆ ಮಾತ್ರ ಜೀವ ಬಂದಂತಾಯಿತು. ಚಾಪೆಲ್ಲಿನ ಕಪಾಟಿನಲ್ಲಿ, ಮುರಿದ ಪತಾಕೆಯ ಕೋಲುಗಳ ಹಿಂದೆ, ಹಳೆಯ ಚೀಟಿಯ ಒಂದು ಬ್ರಾಂಬ್ಲೊ ಬಾಟಲಿ ಸಿಕ್ಕಿತು. ಅದನ್ನು ಮಗುವಿನ ಹಾಗೆ ಕೋಟಿನೊಳಗೆ ಇಟ್ಟುಕೊಂಡು ಬಂದು ಬಿರಡೆ ತೆಗೆದ. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಆದರೂ ಒಂದು ಗುಟುಕು ಕುಡಿದ. ಕುಡಿದು, ಬಚ್ಚಲಿಗೆ ಓಡಿ ಕಾರಿಕೊಂಡ.

ತಾನೇ ಕಷಾಯ ಮಾಡಲೂ ನೋಡಿದ. ಶುಂಠಿ ಹಾಕಿದ. ಬ್ರಾಂಬ್ಲೊದಲ್ಲಿ ಶುಂಠಿ ಇದೆಯೆಂಬುದು ಊರಿನ ಹಸುಗೂಸಿಗೂ ಗೊತ್ತಿತ್ತು, ಅದಕ್ಕೆ ಸೆತ್ ಸಾಯಬೇಕಿರಲಿಲ್ಲ. ಲವಂಗ ಹಾಕಿದ, ತೆಗೆದ. ಗಡ್ಡೆ, ತೊಗಟೆ, ಹಿತ್ತಲಿನ ಸೊಪ್ಪು. ದಿನವೂ ಹೊಸ ಪಾತ್ರೆ, ದಿನವೂ ಅದನ್ನು ಮೋರಿಗೆ ಚೆಲ್ಲುವುದು. ಅದಕ್ಕಿಂತ ಘೋರವಾದದ್ದು ಇನ್ನೊಂದಿತ್ತು. ಇಷ್ಟೆಲ್ಲ ಬೇರೆ ಬೇರೆ ರುಚಿ ನೋಡಿ ನೋಡಿ ಹಳೆಯ ರುಚಿ ಅವನ ನಾಲಿಗೆಯಿಂದಲೇ ಜಾರತೊಡಗಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಸರಿಯಾದದ್ದೇ ಎದುರಿಗೆ ಬಂದರೂ ಗುರುತು ಹಿಡಿಯುತ್ತೇನೆಂಬ ಧೈರ್ಯ ಅವನಿಗೆ ಉಳಿದಿರಲಿಲ್ಲ.

ಒಂದೇ ಒಂದು ಬಾಗಿಲು ಬಾಕಿಯಿತ್ತು. ಅದನ್ನು ತಟ್ಟಲು ಹೆದರಿಯೇ ಅವನು ಇಷ್ಟು ದಿನ ಅಲೆದದ್ದು. ಕೊನೆಗೆ ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದ. ಹೆಪ್ಸಿ ಆಲೂಗಡ್ಡೆ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು.

"ಏನಪ್ಪಾ ಸಂತ ಅಮೋಸ, ವಾರದ ಮಧ್ಯೆ ದರ್ಶನ? ಚಾಪೆಲ್‌ಗೇನು ಬೆಂಕಿ ಬಿತ್ತಾ?"

"ಅಕ್ಕ, ಒಂದು ಮಾತು ಕೇಳ್ಬೇಕಿತ್ತು."

"ಮೊದಲು ಕಾಲೊರೆಸ್ಕೋ. ನಿನ್ನ ಭಕ್ತಿಯಷ್ಟೇ ದೊಡ್ಡದು ನಿನ್ನ ಬೂಟಿನ ಕೆಸರು."

ಅವನು ಕಾಲೊರೆಸಿಕೊಂಡು ಒಲೆಯ ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂತ. "ಆವತ್ತು ನಾನು ಹೋದ್ಮೇಲೆ... ಭಾವ ಏನಾದ್ರೂ ಹೇಳಿದ್ನಾ?"

ಲಟ್ಟಣಿಗೆ ನಿಂತಿತು. "ಹೇಳಿದ," ಎಂದಳು ಹೆಪ್ಸಿ.

ಅಮೋಸ್ ಎದ್ದು ನಿಂತ. "ಹೇಳಿದ್ನಾ? ಪೂರ್ತಿ ಹೇಳಿದ್ನಾ?"

"ಮಧ್ಯಾಹ್ನವೆಲ್ಲ ಹೇಳಿದ. ಒಂದೊಂದಾಗಿ, ಮೊದಲಿಂದ ಕೊನೇವರೆಗೂ. ಮುಗಿದ್ಮೇಲೆ ಮತ್ತೆ ಮೊದಲಿಂದ."

"ಏನಂತ ಅಕ್ಕ? ಏನೇನು ಹಾಕ್ಬೇಕು ಅಂದ?"

"ನಂಗೇನು ಗೊತ್ತು?" ಹೆಪ್ಸಿ ನಕ್ಕಳು. "ನಾನು ಇಲ್ಲಿದ್ದೆ, ಈ ಒಲೆ ಮುಂದೆ. ಹೆಪ್ಸಿ, ಹೆಪ್ಸಿ, ಮೇಲೆ ಬಾರೇ ಅಂತ ಕರೀತಿದ್ದ. ಹೋಗ್ಲಿಲ್ಲ. ನಾನು ಬರಲ್ಲ ಅಂತ ಗೊತ್ತಾದ್ಮೇಲೆ ಅಲ್ಲಿಂದಾನೇ ಹೇಳೋಕೆ ಶುರು ಹಚ್ಕೊಂಡ, ಹಲಗೆ ಸಂದಿಯಿಂದ ಕೇಳಿಸ್ಲಿ ಅಂತ. ಇದ್ದಬದ್ದ ಉಸಿರೆಲ್ಲ ಅದಕ್ಕೇ ಹಾಕಿದ. ಕೇಳಿಸ್ಬಾರ್ದು ಅಂತ ನಾನು ಕೀರ್ತನೆ ಹಾಡಿದೆ. ಅವನು ಜೋರಾಗಿ ಹೇಳಿದ ಹಾಗೆಲ್ಲ ನಾನೂ ಜೋರಾಗಿ ಹಾಡಿದೆ. ಬಾಯಿಗೆ ಬರೋದನ್ನೆಲ್ಲ ಹಾಡಿದೆ ಕಣೋ, ಕ್ರಿಸ್‌ಮಸ್‌ದೂ ಬಿಡ್ಲಿಲ್ಲ. ಪಕ್ಕದ ಮನೆಯವಳು ಗೋಡೆ ಬಡಿದ್ಲು. ಮೇಲೆ ಸದ್ದು ನಿಂತಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ಆಮೇಲೂ ನಾನು ಎಷ್ಟೊತ್ತು ಹಾಡ್ತಿದ್ದೆನೋ. ಟೀ ತಗೊಂಡು ಹೋಗಿ ನೋಡಿದ್ರೆ..."

ಅವಳು ಹಿಟ್ಟನ್ನು ಮುದ್ದೆ ಮಾಡಿ ಮತ್ತೆ ಲಟ್ಟಿಸತೊಡಗಿದಳು.

"ಅಕ್ಕ, ಯಾಕೆ..."

"ಯಾಕಾ? ಯಾಕೆ ಅಂತ ನೀನು ಕೇಳ್ತೀಯಾ? ಮಾತಿಗೆ ತಪ್ಪಿದ ಬಾಯಲ್ಲಿ ಕಳಿಸ್ಬೇಡ ಅಂದವ್ನು ಯಾರು? ನೀನು ಚಾಪೆಲ್ಲಿನ ದೊಡ್ಡ ಮನುಷ್ಯ, ನಿಂಗೆ ಗೊತ್ತಿರತ್ತೆ ಅಂದ್ಕೊಂಡೆ. ನನ್ನ ಗಂಡ ಕರೀತಾ ಕರೀತಾ ಸತ್ತ ಅಮೋಸ. ನಾನು ಕೆಳಗೆ ಕೂತು ಹಾಡ್ತಿದ್ದೆ, ದೇವರಿಗೆ ಇಷ್ಟವಾಗೋ ಕೆಲಸ ಮಾಡ್ತಿದೀನಿ ಅಂತ."

ಅಮೋಸ್ ಕ್ಷಮಿಸು ಎನ್ನಬೇಕೆಂದುಕೊಂಡ. ಆ ಪದ ಅಲ್ಲಿ ಎಷ್ಟು ಚಿಕ್ಕದಾಗಿ ಕಾಣುತ್ತದೆಂದು ಅವನಿಗೇ ನಾಚಿಕೆಯಾಯಿತು. ಹೆಪ್ಸಿ ಅವನ ಕಡೆ ನೋಡದೆ, "ಹೋಗುವಾಗ ಬಾಗಿಲು ಎಳ್ಕೊಂಡು ಹೋಗು, ಒಲೆ ಹೊಗೆ ಒಳಕ್ಕೇ ತಿರುಗತ್ತೆ," ಎಂದಳು.

ಅಂದಿನಿಂದ ಅವನು ಹುಡುಕುವುದನ್ನು ಬಿಟ್ಟ. ಚಾಪೆಲ್ಲಿಗೆ ಹೋಗುತ್ತಿದ್ದ, ಕೂರುತ್ತಿದ್ದ, ಎಲ್ಲರೂ ಹಾಡಲು ಎದ್ದಾಗ ಇವನೂ ಏಳುತ್ತಿದ್ದ. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಎಷ್ಟೋ ವರ್ಷ ತಾನು ದೇವರಿಗಾಗಿ ಕಾದಿಟ್ಟ ಮಾತು ದೇವರಿಗೆ ಬೇಕೇ ಇರಲಿಲ್ಲವೇನೋ ಎಂಬ ಅನುಮಾನ ಹುಳದಂತೆ ಒಳಗೆ ಸೇರಿಕೊಂಡಿತ್ತು. ಬೇಕಿದ್ದದ್ದು ಜೇಬೆಜ್ ಆರ್ಮರಾಡನಿಗೆ, ಅವನೂ ಲಾಭಕ್ಕಾಗಿ ಕೇಳಿದ್ದು. ಒಬ್ಬ ವ್ಯಾಪಾರಿಯ ಗುಟ್ಟು ಕಾಯಲು ತಾನು ಭಾವನನ್ನು ಒಂಟಿಯಾಗಿ ಸಾಯಿಸಿದೆ ಎಂದು ಯೋಚಿಸಿದಾಗ ಅವನಿಗೆ ನಿಂತ ನೆಲವೇ ಬೇಡವೆನಿಸುತ್ತಿತ್ತು.

"ಸಿಗ್ಲಿಲ್ಲ ಮಿಸ್," ಎಂದು ಲಿಡಿಯಾಗೆ ಹೇಳಿದ. ನಡೆದದ್ದನ್ನೂ ಹೇಳಿದ, ಒಂದನ್ನೂ ಬಿಡದೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು. "ನನಗೆ ಹೇಳ್ಬಹುದಿತ್ತಲ್ಲ. ಒಂದು ತಂತಿ ಕಳಿಸಿದ್ರೆ ನಾನು ಓಡಿ ಬರ್ತಿದ್ದೆ," ಎಂದಳು. ಆಮೇಲೆ ಮೇಜಿನ ಖಾನೆಯಿಂದ ಒಂದು ಚಿಕ್ಕ ಶೀಶೆ ತೆಗೆದು ಅವನ ಮುಂದಿಟ್ಟಳು. ಲಂಡನ್ನಿನ ವ್ಯಾಪಾರಿಯೊಬ್ಬ ತಂದುಕೊಟ್ಟ, ಕಷಾಯದ ಬದಲಿಗೆ ಹಾಕುವ ಕೃತಕ ಸಾರ. ಒಂದು ಪೀಪಾಯಿಗೆ ಒಂದು ಲೋಟ ಹಾಕಿದರೆ ಸಾಕಂತೆ.

ಅಮೋಸ್ ತನ್ನ ಹಣ್ಣಿನ ರಸಕ್ಕೆ ಅದನ್ನು ಬೆರೆಸಿ ರುಚಿ ನೋಡಿದ. "ಇದು ಕೆಮ್ಮಿನ ಔಷಧಿ ಮಿಸ್. ಬ್ರಾಂಬ್ಲೊ ಅಲ್ಲ."

"ನಂಗೂ ಗೊತ್ತು. ಆದ್ರೆ ಊರಿಗೆ ನೆನಪಿದ್ಯಾ? ಐದು ವರ್ಷ ಆ ಕಿತ್ತಳೆ ನೀರು ಕುಡಿದಿದಾರೆ. ಹತ್ತು ಹೊಸ ಹುಡುಗೀರು ಕೆಲಸಕ್ಕೆ ಬಂದಿದಾರೆ, ಅವರಮ್ಮಂದಿರು ದಿನಾ ಬೆಳಿಗ್ಗೆ ನನ್ನ ಮುಖ ನೋಡ್ತಾರೆ. ನೀವು ಸರಿಯಿದೆ ಅಂದ್ರೆ ಎಲ್ಲರೂ ಸರಿಯಿದೆ ಅಂತಾರೆ."

"ಸುಳ್ಳು ಹೇಳು ಅಂತೀರಾ?"

"ನಿಮ್ಮ ಬಾಯಲ್ಲಿ ಸುಳ್ಳು ಬಂದಿದ್ದನ್ನ ಈ ಊರಲ್ಲಿ ಯಾರೂ ಕೇಳಿಲ್ಲ ಮಿಸ್ಟರ್ ಎಂಟ್‌ವಿಸಲ್. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ವಿಟ್ ಶುಕ್ರವಾರ ಚಾಪೆಲ್ ಶಾಲೆಗಳ ಮಕ್ಕಳು ಹೊಸ ಬಟ್ಟೆ ತೊಟ್ಟು, ರೇಷ್ಮೆ ಪತಾಕೆಗಳ ದಾರ ಹಿಡಿದು, ಹಿತ್ತಾಳೆ ವಾದ್ಯದವರ ಹಿಂದೆ ಊರೆಲ್ಲ ನಡೆಯುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಆ ವರ್ಷ ಬಟ್ಟೆಗೂ ಪಡಿತರ ಕೂಪನ್ನಿನ ಕಾಲ. ಅರ್ಧಕ್ಕರ್ಧ ಹುಡುಗಿಯರ ಲಂಗಗಳು ಹಳೆಯ ಕಿಟಕಿ ಪರದೆಗಳಾಗಿದ್ದವು. ನಡಿಗೆ ಮುಗಿದ ಮೇಲೆ ಕಾರ್ಖಾನೆಯ ಅಂಗಳದಲ್ಲಿ ಪ್ರತಿ ಮಗುವಿಗೂ ಒಂದು ಬನ್ನು, ಒಂದು ಲೋಟ ಬ್ರಾಂಬ್ಲೊ. ಆದರೆ ಮಕ್ಕಳು ತುಟಿಗಿಡುವ ಮುನ್ನ ಕಲಸಿದವರು ಜಗಲಿಯ ಮೇಲೆ ನಿಂತು, ಊರೆದುರಿಗೆ ಮೊದಲ ಲೋಟ ಕುಡಿದು, ಸರಿಯಿದೆ ಎನ್ನಬೇಕು. ಹಿಂದೆಲ್ಲ ಮೊದಲು ಸೆತ್ ಹೇಳುತ್ತಿದ್ದ, ನಂತರ ಅಮೋಸ್. ಈ ಸಲ ಜಗಲಿಯ ಮೇಲೆ ಅಮೋಸ್ ಒಬ್ಬನೇ.

ಅವನು ಲೋಟ ಎತ್ತಿದ. ಅಂಗಳ ಗಪ್‌ಚಿಪ್ಪಾಯಿತು. ಬಾಟಲಿ ತುಂಬುವ ಹುಡುಗಿಯರು ಬಿಳಿ ಟೋಪಿ ಹಾಕಿಕೊಂಡು ಒಂದು ಕಡೆ ನಿಂತಿದ್ದರು. ಲಿಡಿಯಾ ಅವನನ್ನು ನೋಡದೆ ತನ್ನ ಬೂಟುಗಳನ್ನು ನೋಡುತ್ತಿದ್ದಳು. ಎರಡನೆಯ ಸಾಲಿನಲ್ಲಿ ಹೆಪ್ಸಿ, ಕಪ್ಪು ಟೋಪಿಯಲ್ಲಿ. ಅಮೋಸ್ ಕುಡಿದ. ಹಣ್ಣಿನ ರಸ ಅವನದೇ, ಚೆನ್ನಾಗಿಯೇ ಇತ್ತು. ಅದರ ಹಿಂದೆಯೇ ಔಷಧಿಯ ಘಾಟು ಬಂದು ಮೂಗಿಗೇರಿತು. ಇದಲ್ಲ ಎಂದು ಕೂಗಿಬಿಡಬೇಕೆನ್ನಿಸಿತು. ಕೂಗಿದರೆ ಏನು ಬರುತ್ತದೆ? ಸೆತ್ ಬರುವುದಿಲ್ಲ, ರುಚಿ ಬರುವುದಿಲ್ಲ, ಹುಡುಗಿಯರ ಕೆಲಸ ಮಾತ್ರ ಹೋಗುತ್ತದೆ.

"ಸರಿಯಿದೆ," ಎಂದ.

ಚಪ್ಪಾಳೆ ಬಿತ್ತು. ಮಕ್ಕಳು ಮೇಜಿಗೆ ಮುಗಿಬಿದ್ದರು. ಬ್ರಾಂಬ್ಲೊ ಎಂದರೆ ಏನೆಂದೇ ತಿಳಿಯದ ಮಕ್ಕಳು ಲೋಟದ ತಳ ನೆಕ್ಕಿ, ತುಟಿ ನೇರಳೆ ಮಾಡಿಕೊಂಡು ಕುಣಿದರು. ದೊಡ್ಡವರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಆಹಾ, ಇದೇ ಕಣ್ರೀ, ಥೇಟ್ ಅದೇ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಚಾಪೆಲ್ಲಿನ ಮುದುಕನೊಬ್ಬ ಕಣ್ಣೀರೇ ಹಾಕಿದ. ಯಾರೂ ನಟಿಸುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಅದೇ ರುಚಿಯಾಗಿತ್ತು. ಅಮೋಸನಿಗೆ ಅದನ್ನು ತಡೆದುಕೊಳ್ಳುವುದು ಎಲ್ಲಕ್ಕಿಂತ ಕಷ್ಟವಾಯಿತು.

ಹೆಪ್ಸಿ ಗುಂಪನ್ನು ಸರಿಸಿಕೊಂಡು ಜಗಲಿಯ ಹತ್ತಿರ ಬಂದಳು. ಕೈಯಲ್ಲಿದ್ದ ಲೋಟದಿಂದ ಒಂದೇ ಒಂದು ಗುಟುಕು ಕಡಿಮೆಯಾಗಿತ್ತು. ಅವಳು ಅದನ್ನು ತಮ್ಮನ ಕೈಗೆ ಕೊಟ್ಟಳು.

"ಇದು ಅವನದಲ್ಲ," ಎಂದಳು ಮೆಲ್ಲಗೆ.

"ಗೊತ್ತು ಅಕ್ಕ."

"ಗೊತ್ತಿದ್ದೂ ಸರಿಯಿದೆ ಅಂದೆ. ಊರೆಲ್ಲರ ಮುಂದೆ."

"ಆ ಹುಡುಗೀರು..."

"ಅವರಿಗೋಸ್ಕರ ಅಂದೆ. ಗೊತ್ತು. ತಪ್ಪು ಅಂತಿಲ್ಲ ನಾನು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. "ಒಬ್ಬರಿಗೋಸ್ಕರ ನೇಮ ಮುರಿಯೋದು ನಿಂಗೂ ಬರತ್ತೆ ಅಂತ ಇವತ್ತು ಗೊತ್ತಾಯ್ತು. ಆವತ್ತು ನನ್ನ ಗಂಡನಿಗೋಸ್ಕರ ಮುರೀಬಹುದಿತ್ತಲ್ಲೋ ಅಮೋಸ."

ಅವಳು ತಿರುಗಿ ಗೇಟಿನ ಕಡೆ ನಡೆದಳು. ಅಮೋಸ್ ಎರಡೂ ಕೈಯಲ್ಲಿ ಎರಡು ಲೋಟ ಹಿಡಿದು ನಿಂತೇ ಇದ್ದ. ಅಷ್ಟರಲ್ಲಿ ಪರದೆಯ ಲಂಗ ತೊಟ್ಟ ಒಬ್ಬ ಹುಡುಗಿ ಬಂದು, "ತಾತ, ಅದು ನಿಂಗೆ ಬೇಡ್ವಾ?" ಎಂದು ಕೇಳಿದಳು. ಅವನು ಹೆಪ್ಸಿಯ ಲೋಟವನ್ನು ಅವಳಿಗೆ ಕೊಟ್ಟ. ಅವಳು ಒಂದೇ ಉಸಿರಿಗೆ ಕುಡಿದು, ಇನ್ನೂ ಬೇಕೆಂದಳು.